ನಿವ್ವಳ ತೂಕ

ದುರ್ಗಿಗುಡಿಯ ನನ್ನ ಬೈಂಡಿಂಗ್ ಅಂಗಡಿ
ಭಾನುವಾರ ಷಟರ್ ಅರ್ಧ ಎಳೆದ ಮೇಲೆ
ಒಂದು ಕಣಿವೆಯಾಗುತ್ತದೆ.
ಹಳೇ ಲೆಡ್ಜರಿನ ರಟ್ಟುಗಳು ಬಂಡೆ,
ಅಂಟಿನ ಡಬ್ಬಿ ಕೋಟೆ,
ಎರಡು ರಟ್ಟಿನ ನಡುವೆ ಬಿಗಿದ ಹೊಲಿಗೆ ದಾರ
ತೂಗುಸೇತುವೆ.
ಇಪ್ಪತ್ತು ಮುಖದ ದಾಳ ಒಂದೇ ಇದೆ,
ಅದರ ಹದಿಮೂರರ ಮೂಲೆ ಸವೆದಿದೆ.
ಜಗಳವಾದಾಗ ಎಲ್ಲರೂ ಅದನ್ನೇ ಬೈಯುತ್ತೇವೆ.

ಹಾಲೇಶ ಕತ್ತಿವೀರ.
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬರುವ ಫಿಲೋಮಿನಾ
ಇಲ್ಲೂ ಗಾಯಕ್ಕೆ ಮದ್ದು ಹಚ್ಚಲಾರೆ ಎಂದು ಹಟ ಹಿಡಿದು
ಕಳ್ಳಿಯಾಗಿದ್ದಾಳೆ.
ಮೊಬೈಲ್ ರಿಪೇರಿಯ ಶಮೀರ ಮಂತ್ರವಾದಿ;
ಮಂತ್ರ ಮರೆತರೆ ಯಾವುದೋ ಗಿರಾಕಿಯ ಫೋನ್ ನಂಬರು ಪಠಿಸುತ್ತಾನೆ.
ಹುಚ್ಚರಾಯ, ರೂಪ ಬದಲಿಸುವವ.
ದಿನಕ್ಕೆ ಮೂರು ಸಲ, ಪ್ರಾಣಿ ಮಾತ್ರ. ನಿಯಮ.

ವಾರವಿಡೀ ಅವನು ಸಾಗರ ರಸ್ತೆಯ ವೇಬ್ರಿಜ್ಜಿನ ಗೂಡಿನಲ್ಲಿ
ಲಾರಿ ತೂಗುತ್ತಾನೆ.
ಒಟ್ಟು ತೂಕ, ಖಾಲಿ ತೂಕ, ಕಳೆದರೆ ನಿವ್ವಳ.
ಚೀಟಿ ಹರಿದು ಕೊಡುತ್ತಾನೆ. ಮುಖ ಯಾರೂ ನೋಡುವುದಿಲ್ಲ,
ಕೈ ಮಾತ್ರ ಕಿಟಕಿಯಾಚೆ ಬರುತ್ತದೆ.

ಅವತ್ತು ಸೇತುವೆಯ ನಟ್ಟನಡುವೆ ಕಬ್ಬಿಣದ ರಕ್ಕಸ.
ಹಾಲೇಶ ನಾಲ್ಕು ಸಲ ಬೀಸಿದ, ನಾಲ್ಕೂ ಗಾಳಿಗೆ.
"ಹುಲಿಯಾಗು ಮಾರಾಯ, ತ್ಯಾವರೆಕೊಪ್ಪದ್ದು!"
"ಆನೆಯಾಗು, ಸಕ್ರೆಬೈಲಿಂದು!"
ಹುಚ್ಚರಾಯ ಕಡ್ಲೆಕಾಯಿ ಸಿಪ್ಪೆ ಊದಿ ಅಂದ:
"ಗುಬ್ಬಿ."

ನಗು, ಷಟರ್ ಅದುರುವಷ್ಟು.
ಗುಬ್ಬಿ ಹಾರಿತು. ರಕ್ಕಸನ ಈಟಿಯ ತುದಿಗೇ ಹೋಗಿ ಕೂತಿತು.
ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡಬಾರದು ಅಂತ
ರಕ್ಕಸನಿಗೂ ಯಾರೋ ಕಲಿಸಿರಬೇಕು.
ಗುಬ್ಬಿಯೇ ಅಸ್ತ್ರವಾದರೆ ಏನು ಮಾಡೋದು ಅಂತ
ಕಲಿಸಿರಲಿಲ್ಲ.

"ಈಗ ಕಾಟಿ. ಗಂಡು.
ಒಂದು ಟನ್ನಿಗೆ ಎಂಬತ್ತು ಕೆ.ಜಿ. ಕಮ್ಮಿ."
ನಾನು ನಿಯಮದ ಪುಸ್ತಕ ಬಿಡಿಸಿದೆ.
ಹೊಲಿದವನು ನಾನೇ; ಈ ಪ್ರಶ್ನೆಗೆ ಪುಟ ಹಾಕಿರಲಿಲ್ಲ.
"ಅಷ್ಟು ತೂಕ ಎಲ್ಲಿಂದ ಬಂತೋ?"
"ಖಾಲಿ ಲಾರಿ ಬರತ್ತೆ, ತುಂಬಿ ಹೋಗತ್ತೆ.
ಎಲ್ಲಿ ತುಂಬಿದ್ರಿ ಅಂತ ನಾನು ಕೇಳಲ್ಲ.
ತೂಗ್ತೀನಿ, ಅಷ್ಟೆ."

ದಾಳ ಉರುಳಿತು. ಹತ್ತೊಂಬತ್ತು.
ಈಟಿ ಮುರಿಯಿತು, ರಕ್ಕಸ ಮುರಿದ,
ಸೇತುವೆಯೂ ಮುರಿಯಿತು.
ಅದನ್ನು ಯಾರೂ ಯೋಚಿಸಿರಲಿಲ್ಲ.
ದಾರಕ್ಕೆ ಕತ್ತರಿ ಹಾಕಿದವನು ನಾನೇ,
ಆಟ ನಡೆಸುವವನ ಕೈಯಲ್ಲಿ ಕರುಣೆ ಇರಕೂಡದು.
ಈ ದಡದಲ್ಲಿ ಮೂವರು, ಅವರ ಬೆನ್ನಿಗೆ ಕಾಡುಗಿಚ್ಚು,
ನಡುಗಾಳಿಯಲ್ಲಿ ಬೀಳುತ್ತಾ ಒಂದು ಕಾಟಿ.

ಉಳಿದದ್ದು ಒಂದೇ ರೂಪ.
"ಹದ್ದು!" ಹಾಲೇಶ ಕೂಗಿದ. "ನೀನಾದ್ರೂ ಉಳ್ಕೊ."
ಹುಚ್ಚರಾಯ ಕಡಿದ ದಾರದ ಎರಡೂ ತುದಿ ನೋಡುತ್ತಿದ್ದ,
ಲಾರಿಯ ಮುಂದಿನ ಗಾಲಿ, ಹಿಂದಿನ ಗಾಲಿ
ಎರಡೂ ಹಲಗೆಯ ಮೇಲಿದೆಯೋ ಎಂದು ನೋಡುವ ಹಾಗೆ.
"ಹೆಬ್ಬಾವು. ಬಾಯಲ್ಲಿ ಆ ತುದಿ, ಬಾಲದಲ್ಲಿ ಈ ತುದಿ.
ದಾಟಿ."

ಫಿಲೋಮಿನಾ ಮೊದಲು. "ಚಪ್ಪಲಿ ಬಿಚ್ಚಲಾ?"
"ಬ್ಯಾಡ, ಆಚೆ ಕಲ್ಲು ಚುಚ್ಚತ್ತೆ."
ಬಾಯಿ ಬಿಟ್ಟರೆ ಹಗ್ಗವೂ ಬಿಟ್ಟಂತೆ, ಎಂದು ನೆನಪಿಸಿದೆ.
ಆಮೇಲೆ ಅವನು ಮಾತಾಡಲಿಲ್ಲ.

ಹೆಜ್ಜೆಹೆಜ್ಜೆಗೂ ದಾಳ. ಎಂಟು. ಹನ್ನೊಂದು. ಆರು.
ಶಮೀರ ಟೀ ಲೋಟ ಎತ್ತಿದವನು ಎತ್ತಿಯೇ ಇದ್ದ.
ಹಾಲೇಶನ ಸರದಿ ಬಂದಾಗ
ಹುಚ್ಚರಾಯನ ಕತ್ತಿನ ನರ ನಿಜಕ್ಕೂ ಉಬ್ಬಿತ್ತು,
ಹಲ್ಲು ಕಚ್ಚಿದ ಸದ್ದು
ನನಗೆ ಕೇಳಿಸಿತು.

ಎಲ್ಲರೂ ಹೋದ ಮೇಲೆ ಹಾಳೆಗಳನ್ನು ಒಟ್ಟುಮಾಡಿದೆ.
'ಸ್ವಂತ ರೂಪ' ಎಂಬ ಚೌಕದಲ್ಲಿ
ಹಾಲೇಶ ಎರಡೆರಡು ಮೀಸೆ ಬರೆದುಕೊಂಡಿದ್ದಾನೆ.
ಹುಚ್ಚರಾಯನದು ಎಂಟು ತಿಂಗಳಿಂದ ಖಾಲಿ ಇತ್ತು.
ಇವತ್ತು ಪೆನ್ಸಿಲ್ಲಿನಲ್ಲಿ, ಚೀಟಿ ಬರೆಯುವ ಅಕ್ಷರದಲ್ಲಿ:

ಒಟ್ಟು ಐವತ್ತೆಂಟು ಕೆ.ಜಿ.
ಖಾಲಿ ತೂಗಿಲ್ಲ.
ಗುರುತು: ಬೆನ್ನ ಮೇಲೆ ಚಪ್ಪಲಿ ಅಚ್ಚು, ಎಡಗಾಲಿಂದು.