ಹನ್ನೊಂದು ಬಾಗಿಲು

ಮೇ ತಿಂಗಳು. ಕುವೊಪಿಯೊದಲ್ಲಿ ಎಲ್ಲರೂ
ಸರೋವರದ ಮಂಜುಗಡ್ಡೆ ಯಾವತ್ತು ಒಡೆದೀತೆಂದು ಪಂಥ ಕಟ್ಟುತ್ತಾರೆ.
ನನಗೆ ಬೇರೆ ಕೆಲಸವಿದೆ. ರಟ್ಟಿನ ಪೆಟ್ಟಿಗೆ ಬಂದಿದೆ,
ಹನ್ನೊಂದು ಮನೆಗೆ ಇಪ್ಪತ್ತೆರಡು ಫಿಲ್ಟರು,
ಚಳಿಗಾಲದ ಮೊಲದಷ್ಟು ಬಿಳಿ.
ಮುಟ್ಟುವುದಕ್ಕೇ ಪಾಪ ಅನ್ನಿಸುತ್ತದೆ.

ಈ ಸಾಲುಮನೆಗಳ ಉಸ್ತುವಾರಿ ನನ್ನದು; ಹೆಸರು ಹಿಲ್ಲೆವಿ.
ಬೂಟು ಬಾಗಿಲಲ್ಲೇ ಬಿಟ್ಟು ಏಣಿಯೊಂದಿಗೆ ಒಳಗೆ.
ಮೊದಲು ಪ್ಲಗ್ ಕೀಳಬೇಕು.
ರೆಕ್ಕೆಗಳು ಸುಸ್ತಾಗಿ ನಿಲ್ಲುವವರೆಗೆ ಕಾಯಬೇಕು,
ಇದಕ್ಕೆ ಯಾರೂ ಕಾಯುವುದಿಲ್ಲ.
ಆಮೇಲೆ ಎರಡು ಚಿಲಕ, ಒಂದು ತಗಡಿನ ಬಾಗಿಲು,
ಹಳೆಯ ಫಿಲ್ಟರನ್ನು ಅಲುಗಿಸದೆ
ಮಲಗಿದ ಬೆಕ್ಕನ್ನು ಎತ್ತಿದಂತೆ ಎತ್ತಿ, ಚೀಲಕ್ಕೆ.

ಚೀಲಕ್ಕೆ ಹಾಕುವ ಮುನ್ನ ಒಂದು ಗಳಿಗೆ ನೋಡುತ್ತೇನೆ.
ತಪ್ಪೇ ಇರಬಹುದು, ಪರರ ಕಾಗದ ಓದಿದ ಹಾಗೆ.
ಹೊರಗಿನಿಂದ ಬರುವ ಗಾಳಿಯದು ಎಲ್ಲರಿಗೂ ಒಂದೇ:
ಜಾರದಿರಲೆಂದು ರಸ್ತೆಗೆ ಸುರಿದ ಜಲ್ಲಿ, ಟೈರು ಅರೆದು ಮಾಡಿದ ಹಿಟ್ಟು,
ಬರ್ಚ್ ಮರದ ಹಳದಿ, ಕಾಲು ಮಡಿಚಿಕೊಂಡ ಒಂದು ಸೊಳ್ಳೆ.
ಒಳಗಿನಿಂದ ಹೋಗುವುದು ಮಾತ್ರ ಮನೆಗೊಂದು ಬಗೆ.
ಎರಡನೇ ಮನೆಯದು ನಾಯಿ, ಬರೀ ನಾಯಿ.
ಐದನೆಯದರಲ್ಲಿ ಮೇಣದಬತ್ತಿಯ ಮಸಿ.
ಇಡೀ ನವೆಂಬರ್ ಉರಿಸಿದ್ದಾರೆ, ಆ ಕತ್ತಲು ಯಾರಿಗೆ ತಾನೆ ತಡೆಯುತ್ತೆ.
ಏಳರ ತೈಸ್ತೊ ಸಿಗರೇಟು ಬಿಟ್ಟೆನೆನ್ನುತ್ತಾನೆ.
ಫಿಲ್ಟರು ಬೇರೆ ಹೇಳುತ್ತದೆ.
ನಾನು ಏನೂ ಹೇಳುವುದಿಲ್ಲ. ಚೀಲದ ಬಾಯಿ ಬಿಗಿಯುತ್ತೇನೆ.

ಒಂಬತ್ತರ ಬಾಗಿಲು ತೆರೆದಾಗಲೇ ಗೊತ್ತಾಯಿತು.
ಗಾಳಿ ನಿಂತ ನೀರಿನ ಹಾಗಿತ್ತು.
ಕಿಟಕಿಯ ಕೆಳಗಿನ ಮರ ಊದಿಕೊಂಡಿತ್ತು,
ಸ್ನಾನದ ಮನೆ ಮೂಲೆಯಲ್ಲಿ ಎಳ್ಳು ಚೆಲ್ಲಿದಂಥ ಬೂಷ್ಟು.
ಓಸ್ಮೊ ನಿಂತಿದ್ದ, ಕಣ್ಣು ಕೆಂಪು,
ಹೆಗಲ ಮೇಲೆ ಹಾಲು ಕಕ್ಕಿದ ಬಟ್ಟೆ.
ಯಂತ್ರದ ಪ್ಲಗ್ ಆಗಲೇ ಹೊರಗೆ ನೇತಾಡುತ್ತಿತ್ತು.

"ಮಾರ್ಚಿನಿಂದ," ಅಂದ. "ಆಸ್ಪತ್ರೆಯಿಂದ ಬಂದ ರಾತ್ರಿ
ಅದರ ಗುಂಯ್ ಅನ್ನುವುದರಲ್ಲಿ ಮಗುವಿನ ಉಸಿರು
ಕೇಳಿಸಲಿಲ್ಲ. ಎದ್ದು ಎದ್ದು ನೋಡಿದೆ.
ನಾಲ್ಕನೇ ಸಲ ಎದ್ದಾಗ ಕಿತ್ತುಬಿಟ್ಟೆ."

ಬೈಯಲು ಬಾಯಿ ತೆರೆದವಳು
ಬೈಯಲಿಲ್ಲ.
ಮಗುವಿಗೆ ಇನ್ನೂ ಹೆಸರಿಲ್ಲ, ನಾಮಕರಣಕ್ಕೆ ಎರಡು ವಾರ.
ಹೆಸರಿಲ್ಲದ್ದರ ಉಸಿರು ಎಣಿಸುತ್ತ ಕೂತವನಿಗೆ
ತೇವದ ಲೆಕ್ಕ ಹೇಳುವುದು ಹೇಗೆ?

ಕೈಗೆ ಸ್ಪಂಜು ಕೊಟ್ಟೆ.
ಚಾವಣಿಯ ಗಾಳಿಬಾಯಿಗಳನ್ನು ಬಿಚ್ಚಿ
ಬೆಚ್ಚಗಿನ ಸೋಪುನೀರಲ್ಲಿ ತೊಳೆದ.
"ನಡುವಿನ ಬಿಲ್ಲೆ ತಿರುಗಿಸಬೇಡ, ಅರ್ಧ ಸುತ್ತೂ ಬೇಡ.
ಯಾರೋ ಅಳೆದು ಇಟ್ಟದ್ದು ಅದು."
ನಾನು ಶಾಖದ ಗೂಡನ್ನು ಎಳೆದು ಜಾಲಿಸಿದೆ,
ಹೊರಟ ಗಾಳಿ ಬರುವ ಗಾಳಿಗೆ
ಮೈ ತಾಕಿಸದೆ ಬಿಸಿ ದಾಟಿಸುವ ಜಾಗ.
ತಳದ ತೂತಿಗೆ ಒಂದು ಲೋಟ ನೀರು ಹೊಯ್ದೆ.
ಗುಳುಗುಳು, ಇಳಿಯಿತು, ಸದ್ಯ.
ಫ್ಯಾನಿನ ರೆಕ್ಕೆಗಳಿಗೆ ಹಳೇ ಹಲ್ಲಿನ ಬ್ರಷ್ಷು:
ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಅಂಟಿದ ಧೂಳು,
ತೂಕ ತಪ್ಪಿದ್ದು ಅಲ್ಲೇ, ಗುಂಯ್ ಅಂದದ್ದು ಅದಕ್ಕೇ.

ಬಾಣದ ಗುರುತು ಗಾಳಿ ಹೋಗುವ ಕಡೆಗೆ.
ಚೌಕಟ್ಟಿನ ಮೇಲೆ ಪೆನ್ನಿನಲ್ಲಿ ತಾರೀಕು.
ಪ್ಲಗ್ ಅವನೇ ಹಾಕಲಿ ಎಂದು ಏಣಿಯಿಂದ ಇಳಿದೆ.

ತುಂಬ ಹೊತ್ತು ತೆಗೆದುಕೊಂಡ.
ಹಾಕಿದವನೇ ತೊಟ್ಟಿಲ ಕಡೆ ನಡೆದು, ಬಗ್ಗಿ,
ಉಸಿರು ಬಿಗಿಹಿಡಿದು ನಿಂತ.
ನಾನೂ ಹಿಡಿದೆ, ಬರಿಯ ಕಾಲುಚೀಲದಲ್ಲಿ,
ಕೈಯ ಸ್ಪಂಜಿನಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತ.
ಯಂತ್ರ ಒಮ್ಮೆ ಕೆಮ್ಮಿತು. ಆಮೇಲೆ ಸಣ್ಣಗಾಯಿತು,
ಇನ್ನೂ ಸಣ್ಣಗೆ,
ಅದರಡಿಯಲ್ಲಿ ಮತ್ತೊಂದು,
ಮೂಗಿನ ತುದಿಯಲ್ಲಿ ಬಂದು ಹೋಗುವಷ್ಟೇ.

"ಕೇಳಿಸುತ್ತಿದೆಯಾ?" ಅಂದೆ.
ಓಸ್ಮೊ ತುಟಿಗೆ ಬೆರಳಿಟ್ಟ.

ಇನ್ನೆರಡು ಮನೆ ಬಾಕಿ.
ಹತ್ತರಲ್ಲಿ ಯಾರೂ ಇರಲಿಲ್ಲ,
ಚೀಟಿ ಅಂಟಿಸಿ ಬಂದೆ.