ಮಾದರಿ

ಹದಿನಾಲ್ಕು ವರ್ಷದ ನೋಟ್ಸು ನನ್ನದು,
ಅಂಚೆಲ್ಲ ಸುರುಳಿ, ಒಂಬತ್ತನೇ ಪುಟದಲ್ಲಿ ಲೋಟದ ಕಂದು ಉಂಗುರ.
ಅಲ್ಲಿಗೆ ಬಂದಾಗ ಒಂದು ಜೋಕು ಹೇಳುತ್ತೇನೆ.
ಪ್ರತಿ ವರ್ಷ ಅದೇ ಜೋಕು.
ನಗುವುದೂ ಅದೇ ಬೆಂಚು.

ಗೋಣಿಕೊಪ್ಪ, ಡಿಸೆಂಬರ್, ಎರಡನೇ ಪೀರಿಯಡ್.
ಅರವತ್ತೆರಡರಲ್ಲಿ ಮೂವತ್ತೊಂದು.
ಉಳಿದವರು ಕಾಫಿ ಕುಯ್ಯಲು ಹೋಗಿದ್ದಾರೆ,
ಕೆಲವರು ಕುಯ್ಯಿಸಲು.
ಮಾಲ್ದಾರೆ ಕಡೆಯವರು ಅರ್ಧ ಗಂಟೆ ತಡವಾಗಿ ಬಾಗಿಲಲ್ಲಿ ನಿಂತು
"ಆನೆ, ಮೇಡಂ" ಅನ್ನುತ್ತಾರೆ.
ಒಂದೇ ಮಾತು. ಇಲ್ಲಿ ಅದಕ್ಕೆ ಪುರಾವೆ ಕೇಳುವ ಹಾಗಿಲ್ಲ.

ಸಂಖ್ಯಾಶಾಸ್ತ್ರ, ಅಧ್ಯಾಯ ಐದು, ಮಾದರಿ ಆಯ್ಕೆ.
"ಸಮಷ್ಟಿಯ ಪ್ರತಿಯೊಂದು ಘಟಕಕ್ಕೂ ಸಮಾನ ಸಂಭವನೀಯತೆ..."
ನಾನು ಓದಿದೆ, ಅವರು ಬರೆದುಕೊಂಡರು.
ಸಂಭವನೀಯತೆಯ ಮಹಾಪ್ರಾಣದಲ್ಲಿ ಇಬ್ಬರ ಪೆನ್ನು ಸಿಕ್ಕಿಬಿತ್ತು.
"ಅರ್ಥ ಆಯ್ತಾ?"
"ಆಯ್ತು ಮೇಡಂ." ಮೊದಲ ಬೆಂಚಿನ ತಶ್ಮ.
ತಶ್ಮಳಿಗೆ ಆದರೆ ಎಲ್ಲರಿಗೂ ಆದಂತೆ.
ಹಾಗೆಂದು ಎಲ್ಲೂ ಬರೆದಿಟ್ಟಿಲ್ಲ ನಾನು,
ಹಾಗೆ ನಡೆದುಕೊಂಡಿದ್ದೇನೆ, ಅಷ್ಟೆ.

ಪ್ರಶ್ನೆ ಕೇಳಿ ನಾನೇ ಉತ್ತರ ಹೇಳಿಬಿಡುವುದು ರೂಢಿ.
ಆವತ್ತು ಗಂಟಲು ಕಟ್ಟಿತ್ತು.
ಬೋರ್ಡಿನ ಮೇಲೆ ಬರೆದೆ:
ಮಾದರಿ ಯಾವಾಗ ಸುಳ್ಳು ಹೇಳುತ್ತದೆ?
ಬರೆದು ಕುರ್ಚಿಯಲ್ಲಿ ಕೂತೆ.

ಮೌನ.
ಫ್ಯಾನಿನ ಕಟಕಟ. ಹೊರಗೆ ಮೂಟೆ ತುಂಬಿದ ಲಾರಿ
ಏರಿಗೆ ಗೇರು ಬದಲಿಸಿತು.
ಯಾರೋ ಕೆಮ್ಮಿದರು, ಉತ್ತರ ಅಂದುಕೊಂಡೆ, ಬರೀ ಕೆಮ್ಮು.
ಒಂಬತ್ತು, ಹತ್ತು, ಹನ್ನೊಂದು.
ಇಷ್ಟು ಹೊತ್ತು ಈ ಕೋಣೆಯಲ್ಲಿ ಸುಮ್ಮನೆ ನಾನು ಕೂತದ್ದೇ ಇಲ್ಲ.

"ಮೇಲಿಂದ ಮಾತ್ರ ತೆಗೆದ್ರೆ."
ಕಿಟಕಿ ಬದಿ, ಕೊನೇ ಬೆಂಚು.
ಹೆಸರಿಗೆ ರಿಜಿಸ್ಟರ್ ನೋಡಬೇಕಾಯಿತು: ರಂಸೀನ.
"ಉಪ್ಪ ಕಾಫಿ ಮಂಡಿಯಲ್ಲಿ ಮೇಡಂ. ಮೂಟೆಗೆ ಕೊಳವೆ ಚುಚ್ಚಿ ನೋಡ್ತಾರೆ.
ಬಾಯಿ ಹತ್ರ ಒಂದು, ನಡುವಲ್ಲಿ ಒಂದು, ತಳದಲ್ಲಿ ಒಂದು.
ಕೆಲವ್ರು ಒಣಗಿದ್ದು ಮೇಲೆ ಹಾಕಿ ಹಸಿದು ಕೆಳಗೆ ತುಂಬ್ತಾರೆ.
ತಳದ್ದನ್ನ ಉಪ್ಪ ಹಲ್ಲಲ್ಲಿ ಕಚ್ಚಿ ನೋಡೋದು."

"ನಾವೇನೂ ಹಾಗ್ ಮಾಡಲ್ಲ!" ನಂಜಪ್ಪ ಎದ್ದೇ ನಿಂತ.
ಇಡೀ ಕೋಣೆ ನಕ್ಕಿತು, ಒಂಬತ್ತನೇ ಪುಟದ ನಗುವಲ್ಲ.
ಆಮೇಲೆ ಗಲಾಟೆ. ತೂಕದ ಯಂತ್ರ, ತೇವಾಂಶ,
ಯಾರ ಅಪ್ಪ ಯಾರಿಗೆ ಮೋಸ ಮಾಡಿದ್ದು,
ಪಕ್ಕದ ತರಗತಿಯ ಹಿಂದಿ ಮೇಷ್ಟ್ರು ಬಂದು ಇಣುಕಿದರು.
ನಡುವೆ ಒಬ್ಬ, ನೋಟ್ ಬುಕ್ಕೇ ತರದವನು, ಕೇಳಿದ:
"ನೂರು ಮೂಟೆ ಇದ್ರೆ ಎಷ್ಟಕ್ಕೆ ಚುಚ್ಬೇಕು?"

ಅದು ನನ್ನ ಹನ್ನೆರಡನೇ ಪುಟ.
ಸೂತ್ರ ಇದೆ ಅಲ್ಲಿ, ಚೌಕ ಹಾಕಿ, ಕೆಂಪಿನಲ್ಲಿ.
ಯಾರೂ ಕೇಳದ ಪ್ರಶ್ನೆಗೆ
ಇಷ್ಟು ವರ್ಷ ಉತ್ತರ ಹಂಚಿದ್ದೆ.

ಸಂಜೆ ಸ್ಟಾಫ್ ರೂಮಿನ ಗೋಡೆಯ ಮೇಲೆ ಕಂಡದ್ದು
ಹೋದ ವರ್ಷ ಕೊಟ್ಟ ಫಲಕ: ಮಾದರಿ ಅಧ್ಯಾಪಕಿ.
ಮೂಟೆಯ ಬಾಯಿಂದ ತೆಗೆದದ್ದು.

ಮರುದಿನ ಅದೇ ಉಪಾಯ ಮಾಡಿದೆ.
ಪ್ರಶ್ನೆ ಬರೆದೆ, ಕೂತೆ, ಇಪ್ಪತ್ತರವರೆಗೆ ಎಣಿಸಿದೆ.
ಯಾರೂ ಬಾಯಿ ಬಿಡಲಿಲ್ಲ. ರಂಸೀನ ಬಂದಿರಲಿಲ್ಲ.
ತಶ್ಮ ಕೈ ಎತ್ತಿದಳು, ಪಾಪ, ನನ್ನನ್ನು ಉಳಿಸಲು.
ಇರು ಅಂದೆ.
ಎದ್ದು ಹಿಂದೆ ಹೋಗಿ
ರಂಸೀನಳ ಜಾಗದಲ್ಲಿ ಕೂತು ನೋಡಿದೆ.

ಕಿಟಕಿಯ ಬೆಳಕು ಬಿದ್ದು
ಬೋರ್ಡಿನ ಎಡಭಾಗ ಬರೀ ಹೊಳಪು, ಒಂದಕ್ಷರವೂ ಕಾಣದು.
ನಾನು ಬರೆಯಲು ಶುರು ಮಾಡುವುದೇ ಅಲ್ಲಿಂದ.