ಊರ ಉಸಾಬರಿ

ಅಗ್ನಿಶಾಮಕ ಠಾಣೆಯ ಹಿಂಬದಿಯ ಕೋಣೆ,
ತಿಂಗಳ ಎರಡನೇ ಸೋಮವಾರ, ಸಂಜೆ ಏಳು.
ಐವರು ಸದಸ್ಯರು, ಮೇಯರು, ಮೂಲೆಗೊಂದು ಬಾವುಟ,
ಕಾಫಿ ಫ್ಲಾಸ್ಕಿನ ಪಕ್ಕ ತೋಳುಗಾತ್ರದ ಜುಕಿನಿಗಳ ರಾಶಿ,
ಮೇಲೊಂದು ಚೀಟಿ: ಬೇಕಾದವರು ಒಯ್ಯಿರಿ, ದಯವಿಟ್ಟು ಒಯ್ಯಿರಿ.
ಕ್ಯಾನ್ಸಸ್‌ನ ಟಿಲ್‌ಬರಿ ಎಂಬ ಈ ಊರಿಗೆ ಬಂದು ಒಂಬತ್ತು ವರ್ಷ;
ಪುರಸಭೆಯ ಬಾಗಿಲು ತಳ್ಳಿದ್ದು ಇವತ್ತೇ,
ಕೈಯಲ್ಲಿ ನೀರಿನ ಬಿಲ್ಲು.

ಹನಿಗೂಡಿದರೆ ಹಳ್ಳ ಎಂದು ಬಾಯಿಪಾಠ ಮಾಡಿದ್ದೆ;
ಇಲ್ಲಿ ಹನಿಗೂಡಿ ಮುನ್ನೂರ ಹನ್ನೆರಡು ಡಾಲರು.
ಮೀಟರಿಗೂ ಮನೆಗೂ ನಡುವೆ, ಮೊಳದಾಳದಲ್ಲಿ,
ಬೇಸಿಗೆಯಿಡೀ ಕೊಳವೆ ಸದ್ದಿಲ್ಲದೆ ಸೋರಿದೆ.
ಸುಳಿವೇ ಇರಲಿಲ್ಲವೆಂದರೆ ಸುಳ್ಳಾದೀತು:
ಬೀದಿಗೆ ಬೀದಿಯೇ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿದಾಗ
ನನ್ನಂಗಳದ ಒಂದು ತೇಪೆ ಮಾತ್ರ ಹಸಿರು.
ನನ್ನ ಕೈಗುಣವೆಂದು ಬೀಗಿದ್ದೆ,
ಫೋಟೊ ಕೂಡ ತೆಗೆದಿದ್ದೆ.

ನನ್ನದು ಏಳನೇ ವಿಷಯ. ಕೂತೆ.

ಮೊದಲಿಗೆ ಸಿಕಮೋರ್ ಬೀದಿಯ ಹೊಸ ದೀಪ.
ಓರ್ಲಾ ಫೆನ್‌ಸ್ಕೆಗೆ ಅದು ನೇರ ದಿಂಬಿಗೇ ಬಡಿಯುತ್ತದೆ.
ಎದುರುಮನೆಯ ಡೆಲ್ಫೀನಾಗೆ ಅದು ಬೇಕೇಬೇಕು,
ರಾತ್ರಿಪಾಳಿ ಮುಗಿಸಿ ಬರುವ ಮಗಳು ಬೀಗದ ತೂತು ಹುಡುಕಬೇಕಲ್ಲ.
ನಲವತ್ತು ನಿಮಿಷ. ಇಬ್ಬರ ಧ್ವನಿಯೂ ಏರಲಿಲ್ಲ, ಇಳಿಯಲೂ ಇಲ್ಲ.
ಕೊನೆಗೆ ಗೊತ್ತುವಳಿ: ಒಂದು ಕಡೆಗೆ ತಗಡಿನ ಮರೆ,
ಹದಿನೆಂಟು ಡಾಲರು ಮೀರದಂತೆ.

ಆಮೇಲೆ ಒಂದು ಓಣಿ.
ಷ್ರಾಗ್ ಮನೆಗೂ ಟಿಪ್ಟನ್ ಮನೆಗೂ ನಡುವೆ, ನಕ್ಷೆಯಲ್ಲಿ ಮಾತ್ರ.
ರೈಲು ಬಂದೇ ಬರುತ್ತದೆಂದು ನಂಬಿದ ಯಾರೋ
ನೂರ ಮೂವತ್ತು ವರ್ಷದ ಹಿಂದೆ ಎಳೆದ ಗೆರೆ.
ಗಾಡಿ ಉರುಳಿಲ್ಲ, ಹೆಜ್ಜೆ ಬಿದ್ದಿಲ್ಲ.
ಅದನ್ನು ರದ್ದು ಮಾಡಿ ಇಬ್ಬರಿಗೂ ಅರ್ಧರ್ಧ ಹಂಚಬೇಕು.
ಇಲ್ಲದ್ದನ್ನು ಇಲ್ಲವೆನ್ನಲು
ಐದು ಕೈ ಎತ್ತಬೇಕಾಯಿತು.
ಮುದುಕ ಟಿಪ್ಟನ್ ಎದ್ದು ನಿಂತ:
'ಅಂದರೆ ಐವತ್ತು ವರ್ಷ ನನ್ನ ಲೆನೋರಾ ಬಟ್ಟೆ ಒಣಹಾಕಿದ್ದು
ನಡುಬೀದಿಯಲ್ಲೋ?'
ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ.
ಟೋಪಿಯನ್ನು ಎರಡು ಸುತ್ತು ತಿರುಗಿಸಿ ಕೂತ.

ಚರಂಡಿ ಪಂಪಿನ ಮೋಟಾರು: ಹೊಸದಕ್ಕೆ ಹನ್ನೊಂದು ಸಾವಿರ,
ಹಳೆಯದನ್ನೇ ಸುತ್ತಿಸಿದರೆ ನಾಲ್ಕು. ಸುತ್ತಿಸಿ.
ಧಾನ್ಯದ ಲಾರಿಗಳ ವೇಗ: ಮುಂದಿನ ತಿಂಗಳಿಗೆ.
ಮೇಯರ್ ಪ್ರಾಥರ್ ಪ್ರತಿ ಸಲ ಮರದ ಸುತ್ತಿಗೆ ಎತ್ತುತ್ತಾನೆ,
ಬಡಿಯದೆ ಮೆಲ್ಲಗೆ ಇಡುತ್ತಾನೆ;
ಗೋಡೆಯಾಚೆ ಆಂಬುಲೆನ್ಸಿನ ಹುಡುಗರು ಮಲಗಿದ್ದಾರೆ.

ಏಳನೆಯದು.
ಗುಮಾಸ್ತೆ ಹೆಸರು ಕೇಳಿದಳು. ಭಾಗೀರಥಿ.
ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಎರಡು ಸಲ.
ಗಂಗೆಯ ಹೆಸರು ಹೊತ್ತವಳು
ಹತ್ತೊಂಬತ್ತು ಸಾವಿರ ಗ್ಯಾಲನ್ ಪಾತಾಳಕ್ಕಿಳಿಸಿ ಬಂದಿದ್ದಾಳೆಂದು
ಅಲ್ಲಿ ಯಾರಿಗೂ ಹೊಳೆಯಲಿಲ್ಲ; ನಾನೂ ಬಾಯಿಬಿಡಲಿಲ್ಲ.
ನೀರಿನ ಮೇಲ್ವಿಚಾರಕ ರೋಸ್ಕೊ ಕನ್ನಡಕ ಏರಿಸಿದ:
'ಸೋರಿದ್ದು ಮಣ್ಣಿಗೆ. ನಮ್ಮ ಚರಂಡಿಗೆ ಬಂದಿಲ್ಲ.
ಚರಂಡಿಯ ಪಾಲು ಬಿಡಬಹುದು.
ನೀರಿನ ಪಾಲು ಕುಡಿದವರು ಕೊಡಬೇಕು.'
'ಕುಡಿದದ್ದು ಯಾರು?' ಎಂದಳು ವಿಲ್ಮಾ ಕ್ರೆಬ್ಸ್.
'ಹುಲ್ಲು.'
ನಾಲ್ಕಕ್ಕೆ ಒಂದು. ನೂರ ಇಪ್ಪತ್ತೇಳು ಡಾಲರು ಮಾಫಿ.

ಆ ಒಂದು ವಿಲ್ಮಾಳದು.
ಹೊರಗೆ ಕಾರಿನ ತನಕ ಬಂದಳು, ಕಂಕುಳಲ್ಲಿ ಜುಕಿನಿ:
'ಪಂಪು ಹಳತು, ಪೆಟ್ಟಿಗೆ ಬರಿದು.
ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು.
ಇದು ನಮ್ಮ ಹಿತ್ತಿಲದು, ತಗೋ.'
ತಗೊಂಡೆ. ಹುಳಿಗೆ ಹಾಕಿದೆ. ಮೂರು ದಿನವಾದರೂ ಮುಗಿಯಲಿಲ್ಲ.

ಕೊಳವೆ ಬೆಸೆದಾಯಿತು. ಹಸಿರು ತೇಪೆ
ಈಗ ಎಲ್ಲರ ಹುಲ್ಲಿನ ಬಣ್ಣ.
ಮುಂದಿನ ಸಭೆಗೆ ಎಲ್ಮ್ ಬೀದಿಯ ಗುಂಡಿಯ ವಿಚಾರವಂತೆ.
ನಾನು ಓಡಾಡುವ ದಾರಿಯಲ್ಲ ಅದು.
ಏಳಕ್ಕೆ ಮುಂಚೆ ಹೋದರೆ
ಹಿಂದಿನ ಸಾಲು ಸಿಗುತ್ತದೆ.